ತೊಳೆಯೋದನ್ನೂ ಕಲಿಸಬೇಕು

ನಿನ್ನೆ ಕುಶಾಲನಗರದ ಒಂದು ವಾಟರ್ ಸರ್ವೀಸ್ ಅಂಗಡಿಯಲ್ಲಿ ನೋಡಿದ್ದು ಇನ್ನೂ ತಲೆಯಿಂದ ಇಳಿದಿಲ್ಲ. ಆಯುಧ ಪೂಜೆ ಹತ್ತಿರ ಬಂತಲ್ಲ, ಜೀಪು, ಪಿಕಪ್ಪು, ಕಾರು ಎಲ್ಲ ಸಾಲುಗಟ್ಟಿದ್ದವು. 18-19ರ ಹುಡುಗನೊಬ್ಬ ಕಪ್ಪು ಕಾರು ಒರೆಸುತ್ತಿದ್ದ. ಕೈಯಲ್ಲಿದ್ದ ಬಟ್ಟೆ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡ, ಎರಡು ಸಲ ಒದರಿದ, ಮತ್ತೆ ಬಾನೆಟ್ ಮೇಲೆ ಉಜ್ಜಿದ. ಮೋಡ ಸರಿದು ಬಿಸಿಲು ಬಿದ್ದಾಗ ನೋಡಿದರೆ ಬಾನೆಟ್ ತುಂಬ ಜೇಡರ ಬಲೆಯ ಹಾಗೆ ಗೀರು. ಕಾರಿನವರು ಕೂಗಾಡಿದರು. ಅಂಗಡಿಯವರು ಎಲ್ಲರೆದುರೇ ಹುಡುಗನ ಭುಜ ಹಿಡಿದು ತಳ್ಳಿ, "ತೊಳೆಯೋಕೂ ಬರಲ್ವೇನೋ ನಿಂಗೆ? ಈ ವಾರದ ಸಂಬಳ ಮರೆತುಬಿಡು" ಅಂದರು.

ಬರಲ್ಲ. ಯಾರು ಕಲಿಸಿದ್ದಾರೆ? ಆಮೇಲೆ ನಾನೇ ಅವನನ್ನು ಕೇಳಿದೆ. "ಬಂದ ದಿನ ಪೈಪ್ ಕೈಗೆ ಕೊಟ್ರು ಅಕ್ಕ. ಬೇಗ ಮುಗ್ಸು ಅಂದ್ರು. ಅಷ್ಟೇ."

ನನ್ನ ತಮ್ಮ ಬೆಂಗಳೂರಲ್ಲಿ ಡೀಟೇಲಿಂಗ್, ಅಂದರೆ ಕಾರನ್ನು ಮೂಲೆಮೂಲೆಯೂ ಶುಚಿ ಮಾಡಿ ಹೊಳಪು ಕೊಡುವ ಕೆಲಸ ಮಾಡಿ ಬಂದವನು ಅಂತ ನಿಮಗೆಲ್ಲ ಗೊತ್ತು. ಅವನು ನಮ್ಮ ಜೀಪ್ ತೊಳೆಯುವಾಗ ಪಕ್ಕದಲ್ಲಿ ನಿಂತು ನೋಡಬೇಕು. ಮೊದಲು ಬರೀ ನೀರಿನಲ್ಲೇ ಕೆಮ್ಮಣ್ಣು ಇಳಿಸುತ್ತಾನೆ, ಕೈ ಸೋಕಿಸುವುದಿಲ್ಲ. ತೋಟದ ರಸ್ತೆಯ ಆ ಮಣ್ಣಲ್ಲಿ ಮರಳಿರುತ್ತದೆ, ಒಣಗಿದಾಗ ಉಜ್ಜಿದರೆ ಉಪ್ಪುಕಾಗದ ಆಡಿಸಿದ ಹಾಗೆ. ಎರಡು ಬಕೆಟ್ ಇಡುತ್ತಾನೆ, ಒಂದರಲ್ಲಿ ಶಾಂಪೂ ನೀರು, ಇನ್ನೊಂದು ಕೊಳೆ ಬಟ್ಟೆ ಅದ್ದಿ ಹಿಂಡೋದಕ್ಕೆ. ಮೇಲಿನಿಂದ ಕೆಳಕ್ಕೆ ಬರುತ್ತಾನೆ. ಚಕ್ರದ ಬಟ್ಟೆಯೇ ಬೇರೆ. ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ ಸಿಗುತ್ತವೆ, ಒಂದು ಕೊಳೆಯಾದರೆ ಮತ್ತೊಂದಕ್ಕೆ ತಿರುಗಿಸುತ್ತಾನೆ. ನೆಲಕ್ಕೆ ಬಿದ್ದ ಬಟ್ಟೆ ಒಗೆಯುವ ತನಕ ಬಾಡಿ ಮುಟ್ಟುವ ಹಾಗಿಲ್ಲ. ಈ ಕೊನೇ ಮಾತೊಂದನ್ನು ನಿನ್ನೆಯ ಹುಡುಗನಿಗೆ ಯಾರಾದರೂ ಹೇಳಿದ್ದರೆ ಸಾಕಿತ್ತು. ಅರ್ಧ ನಿಮಿಷದ ಮಾತು!

"ಕಸ ಗುಡಿಸೋಕೆ, ಗಾಡಿ ತೊಳೆಯೋಕೆ ಟ್ರೈನಿಂಗಾ?" ಅಂತ ಕೇಳುವವರು ಈ ಪೋಸ್ಟಿಗೂ ಬರುತ್ತೀರಿ. ಜರ್ಮನಿಯಲ್ಲಿ ಕಟ್ಟಡ ಶುಚಿ ಮಾಡುವ ಕೆಲಸಕ್ಕೆ 3 ವರ್ಷದ ಅಪ್ರೆಂಟಿಸ್‌ಶಿಪ್, ಅಂದರೆ ಕೆಲಸ ಮಾಡುತ್ತಲೇ ಕಲಿಯುವ ತರಬೇತಿ, ಇದೆ. ಅಷ್ಟು ದೂರ ಬೇಡ, ನನ್ನ ಮನೆಗೇ ಬನ್ನಿ. ಹೋಂಸ್ಟೇ ಶುರು ಮಾಡಿದ ವರ್ಷ ಕೆಲಸಕ್ಕೆ ಬರುತ್ತಿದ್ದ ಅಕ್ಕನ ಕೈಗೆ ಆಸಿಡ್ ಬಾಟಲಿ ಕೊಟ್ಟು, ಬಾತ್‌ರೂಮ್ ಪಳಪಳ ಅನ್ನಬೇಕು ಅಂದಿದ್ದೆ. ಅವರು ಅದರ ಮೇಲೇ ಬ್ಲೀಚಿಂಗ್ ಪೌಡರ್ ಹಾಕಿದರು. ಇವೆರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಕೆಮ್ಮುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ ಹೊರಗೆ ಓಡಿಬಂದರು. ಹೊಸಿಲು ದಾಟಿ ಹರಿದ ಆಸಿಡ್ ಅಜ್ಜಿ ಕಾಲದ ರೆಡ್ ಆಕ್ಸೈಡ್ ನೆಲವನ್ನು ತಿಂದು ಬಿಟ್ಟ ಬಿಳಿ ಕಲೆ ಇವತ್ತಿಗೂ ಹಾಗೇ ಇದೆ. ತಪ್ಪು ಅವರದಲ್ಲ, ನನ್ನದು. ಅವರ ಉಸಿರಿಗೆ ಏನಾದರೂ ಆಗಿದ್ದರೆ ಅಂತ ನೆನೆದು ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಕಲಿಸದೆ ಬೈಯುವ ಹಕ್ಕು ನಮಗಿಲ್ಲ. ತೊಳೆಯುವಾಗ ಗಾಡಿಯ ಅಡಿಭಾಗದ ಚಾಸಿಗೆ ಡೀಸೆಲ್ ಹೊಡೆದರೆ ಅಲ್ಲಿನ ರಬ್ಬರ್ ಬುಷ್ ಹಾಳಾಗುತ್ತದೆ, ಆ ಎಣ್ಣೆ ನೀರು ತೋಡು ಸೇರಿ ಕಾವೇರಿಗೆ ಹೋಗುತ್ತದೆ. ಇದನ್ನು ಹುಡುಗ ತಾನಾಗಿ ಕನಸು ಕಾಣಬೇಕೇ?

"ಸಣ್ಣ ಅಂಗಡಿ, ಕಲಿಸುತ್ತಾ ಕೂತರೆ ಸಂಬಳ ಎಲ್ಲಿಂದ ಕೊಡೋದು" ಅನ್ನುತ್ತಾರೆ. ಕಷ್ಟ ನನಗೂ ಗೊತ್ತು, ಮಳೆಗಾಲದಲ್ಲಿ ನಮ್ಮ ರೂಮುಗಳೂ ಖಾಲಿ. ಆದರೆ ಅಪ್ರೆಂಟಿಸ್ ಕಾಯ್ದೆ 1961ರಿಂದ ಇದೆ. ಕನಿಷ್ಠ 4 ಜನ ಕೆಲಸ ಮಾಡುವ ಅಂಗಡಿಯೂ ಮನಸ್ಸಿದ್ದರೆ ಅಪ್ರೆಂಟಿಸ್ ತೆಗೆದುಕೊಳ್ಳಬಹುದು. 2016ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಅಪ್ರೆಂಟಿಸಿಗೆ ಕೊಡುವ ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ 1500 ರೂಪಾಯಿವರೆಗೆ, ಸರ್ಕಾರವೇ ಕೊಡುತ್ತದೆ. ದೊಡ್ಡ ರೆಸಾರ್ಟುಗಳಿಗಂತೂ ಯಾವ ನೆಪವೂ ಇಲ್ಲ, 30 ಜನ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಪ್ರೆಂಟಿಸ್ ಇಟ್ಟುಕೊಳ್ಳುವುದು ಕಡ್ಡಾಯ. ಇಬ್ಬರೇ ಇರುವ ಅಂಗಡಿಯವರು ಕಾಯ್ದೆಯ ಹೊರಗೆ ಉಳಿಯುತ್ತಾರೆ, ನಿಜ. ಅರ್ಧ ನಿಮಿಷದ ಮಾತಿಗೆ ಕಾಯ್ದೆ ಬೇಕಾ? ಕೈಕಸುಬಿನವರಿಗಾಗಿ ಕೇಂದ್ರ ತಂದ 2023ರ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಟ್ಟೆ ಒಗೆಯುವವರಿದ್ದಾರೆ, ನೋಡಿ ಸಂತೋಷವಾಯಿತು. ಗಾಡಿ ತೊಳೆಯುವವರು ಆ ಪಟ್ಟಿಯಲ್ಲಿಲ್ಲ. ಯಾಕಿಲ್ಲ?

ಪೂಜೆಯ ದಿನ ಆ ಅಂಗಡಿಯಲ್ಲೂ ಪಂಪಿಗೆ, ಪೈಪಿಗೆ ಕುಂಕುಮ ಹಚ್ಚಿ ಹೂವು ಮುಡಿಸುತ್ತಾರೆ. ಅದನ್ನು ಹಿಡಿಯುವ ಕೈಗೆ ಸಂಬಳ ಕಡಿತ. ನನಗೆ ತಡೆಯಲಾಗುತ್ತಿಲ್ಲ.

ಸುಂಟಿಕೊಪ್ಪ, ಗೋಣಿಕೊಪ್ಪ, ವಿರಾಜಪೇಟೆ ಕಡೆ ಅಂಗಡಿ ಇಟ್ಟವರು ನನ್ನ ಫ್ರೆಂಡ್ಸ್‌ನಲ್ಲೇ ಇದ್ದೀರಿ. ಆ ಹುಡುಗನ ನಂಬರ್ ತೆಗೆದುಕೊಂಡಿದ್ದೇನೆ. ಭಾನುವಾರ ನಮ್ಮಲ್ಲಿಗೆ ಬಾ, ನನ್ನ ತಮ್ಮ ತೋರಿಸಿಕೊಡುತ್ತಾನೆ ಅಂದಿದ್ದೇನೆ, ಬರುತ್ತೇನೆ ಅಂದ. ಆದರೆ ಒಂದು ಭಾನುವಾರ ಸಾಲದು. ಆರು ತಿಂಗಳು ಜೊತೆಗಿಟ್ಟುಕೊಂಡು, ಸಂಬಳ ಕೊಟ್ಟು, ಕೆಲಸ ಕಲಿಸುವವರು ಯಾರಿದ್ದೀರಿ? ಇನ್‌ಬಾಕ್ಸ್‌ಗೆ ಬನ್ನಿ.