ಹೊಳೆಯ ಆಚೆ ಒಂದು ಕಾಯ್ದೆ, ಈಚೆ ಒಂದು ಕಾಯ್ದೆ

2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಯಾದಾಗಿನಿಂದ ಒಂದು ಮಾತು ಹೋದಲ್ಲೆಲ್ಲ ಕೇಳಿಬರುತ್ತಿದೆ. ಸ್ವಾತಂತ್ರ್ಯ ಬಂದ ದಿನವೇ ಹಳೇ ಕಾನೂನನ್ನೆಲ್ಲ ಕಿತ್ತೆಸೆದು ನಮ್ಮದೇ ಬರೆದುಕೊಳ್ಳಬೇಕಿತ್ತು, ಇಷ್ಟು ವರ್ಷ ಯಾಕೆ ಕಾದರು ಅಂತ. ರಾಯಚೂರು, ಕೊಪ್ಪಳ, ಬಳ್ಳಾರಿಯವರು ಇದಕ್ಕೆ ಹೂಂ ಅನ್ನುವ ಮೊದಲು ನಮ್ಮ ಜಿಲ್ಲೆಗಳಲ್ಲೇ ಕೋರ್ಟು-ಕಚೇರಿಗಳು ಹೇಗೆ ಕೈ ಬದಲಾಯಿಸಿದವು ಎಂಬುದನ್ನು ನೋಡಬೇಕು.

ಸರ್ಕಾರ ಬದಲಾದ ಮರುದಿನ ಬೆಳಿಗ್ಗೆ ಮುನ್ಸಿಫ್ ಕೋರ್ಟಿನ ಬಾಗಿಲು ತೆಗೆಯಲೇಬೇಕು. ಅವತ್ತು ಪೇಶಿ ಇರುವ ದಾವೆಗಳಿರುತ್ತವೆ, ಜಾಮೀನಿಗೆ ಕಾದವರಿರುತ್ತಾರೆ, ಹಳೇ ಸರ್ಕಾರದ ಮುದ್ರೆಯಿರುವ ಡಿಕ್ರಿ (ದಾವೆ ತೀರ್ಮಾನಿಸಿದ ಕೋರ್ಟಿನ ಆದೇಶ) ಹಿಡಿದು ಅದನ್ನು ಜಾರಿ ಮಾಡಿಸಲು ಬಂದವರಿರುತ್ತಾರೆ. ಯಾವ ಕಾಯ್ದೆ ಪ್ರಕಾರ ವಿಚಾರಣೆ, ಮೇಲ್ಮನವಿ ಎಲ್ಲಿಗೆ, ಹಳೇ ಡಿಕ್ರಿ ನಡೆಯುತ್ತದೋ ಇಲ್ಲವೋ, ಕಾಲಮಿತಿ ಯಾವಾಗಿನಿಂದ ಎಣಿಸಬೇಕು? ಈ ನಾಲ್ಕಕ್ಕೆ ಬರವಣಿಗೆಯಲ್ಲಿ ಉತ್ತರ ಇಲ್ಲದಿದ್ದರೆ ನ್ಯಾಯಾಧೀಶರು ಪೀಠದಲ್ಲಿ ಕೂತೂ ಪ್ರಯೋಜನವಿಲ್ಲ. ಸಂವಿಧಾನದ 372ನೇ ವಿಧಿ ಮಾಡಿದ್ದು ಇದನ್ನೇ. ಬದಲಾಯಿಸುವವರೆಗೆ ಅಥವಾ ರದ್ದುಮಾಡುವವರೆಗೆ ಜಾರಿಯಲ್ಲಿದ್ದ ಕಾನೂನು ಮುಂದುವರಿಯುತ್ತದೆ. ಇದರಲ್ಲಿ ಗುಲಾಮಗಿರಿ ಕಾಣುವವರು ಕಕ್ಷಿದಾರರ ಕಷ್ಟ ನೋಡಿಲ್ಲ ಎಂದೇ ನನ್ನ ಅಭಿಪ್ರಾಯ.

ಇದು ಕೈತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ, ಮೊದಲು ಪೋರ್ಚುಗೀಸ್ ವಸಾಹತಾಗಿದ್ದು ಆಮೇಲೆ ಇಂಡೋನೇಷ್ಯಾ ಆಕ್ರಮಿಸಿಕೊಂಡಿದ್ದ ಪೂರ್ವ ತಿಮೋರ್ ಇದೆ. ಇಂಡೋನೇಷ್ಯಾ ಕಾಲ್ತೆಗೆದ ಮೇಲೆ ಅಲ್ಲಿ ಆಡಳಿತ ವಹಿಸಿಕೊಂಡ ವಿಶ್ವಸಂಸ್ಥೆ, ಅಲ್ಲಿಯವರೆಗೆ ನಡೆಯುತ್ತಿದ್ದ ಕಾನೂನೇ ಮುಂದುವರಿಯುತ್ತದೆ ಎಂದು 1999ರಲ್ಲಿ ನಿಯಮ ಮಾಡಿತು. ಎಲ್ಲರೂ ಅದನ್ನು ಇಂಡೋನೇಷ್ಯಾದ ಕಾನೂನು ಎಂದೇ ತಿಳಿದು ಕೋರ್ಟು ನಡೆಸಿದರು. 2002ರಲ್ಲಿ ಸ್ವಾತಂತ್ರ್ಯ ಬಂತು. 2003ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಇಂಡೋನೇಷ್ಯಾದ ಆಕ್ರಮಣವೇ ಅಕ್ರಮ, ಹಾಗಾಗಿ ಇಲ್ಲಿ ಉಳಿದಿರುವುದು ಪೋರ್ಚುಗೀಸ್ ಕಾನೂನು ಎಂದುಬಿಟ್ಟಿತು. ಅದುವರೆಗಿನ ತೀರ್ಪುಗಳ ಬುಡವೇ ಅಲುಗಾಡಿತು. ಅದೇ ವರ್ಷ ಸಂಸತ್ತು ಬೇರೆ ಕಾಯ್ದೆ ತಂದು ಸರಿಪಡಿಸಬೇಕಾಯಿತು. 'ಹಳೇ ಕಾನೂನು' ಎಂದರೆ ಯಾವುದು ಎಂದು ಹೆಸರು ಹಿಡಿದು ಬರೆಯದಿದ್ದುದರ ಫಲ ಅದು.

ಈಗ ನಮ್ಮ ತುಂಗಭದ್ರೆಗೆ ಬನ್ನಿ. 1945ರಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದಾಗ ಹೊಸಪೇಟೆ ದಡ ಮದ್ರಾಸ್ ಪ್ರಾಂತ್ಯದ್ದು, ಮುನಿರಾಬಾದ್ ದಡ ನಿಜಾಮರದ್ದು. ಆ ಕಡೆ ಹೈದರಾಬಾದ್ ಸಂಸ್ಥಾನದ ಸ್ವಂತ ಸಂಹಿತೆಗಳು, ಕೋರ್ಟಿನ ಕಾಗದವೆಲ್ಲ ಉರ್ದುವಿನಲ್ಲಿ. ಈ ಕಡೆ ಬ್ರಿಟಿಷ್ ಇಂಡಿಯಾದ ಕಾನೂನು, ಮೇಲ್ಮನವಿಗೆ ಮದ್ರಾಸ್ ಹೈಕೋರ್ಟು. ರಾಯಚೂರಿನ ಡಿಕ್ರಿಯನ್ನು ಸಿರುಗುಪ್ಪದಲ್ಲಿ ಜಾರಿ ಮಾಡಿಸಬೇಕೆಂದರೆ, ಅದಕ್ಕೆಂದೇ ಅಧಿಸೂಚನೆ ಇಲ್ಲದಿದ್ದಲ್ಲಿ ಅದು ವಿದೇಶಿ ಕೋರ್ಟಿನ ತೀರ್ಪು. ಇಂಥ ಡಿಕ್ರಿಗಳು ದೇಶ ಒಂದಾದ ಮೇಲೂ ತಾವಾಗಿಯೇ ಸ್ವದೇಶಿ ಆಗಲಿಲ್ಲ. ಗ್ವಾಲಿಯರ್ ಕೋರ್ಟು 1948ರಲ್ಲಿ ಕೊಟ್ಟ ಏಕಪಕ್ಷೀಯ (ಎದುರು ಪಕ್ಷ ಹಾಜರಾಗದೆ ಆದ) ಡಿಕ್ರಿಯನ್ನು ಅಲಹಾಬಾದಿನಲ್ಲಿ ಜಾರಿ ಮಾಡಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 1962ರಲ್ಲಿ ಹೇಳಿದ್ದು ಇದೇ ಕಾರಣಕ್ಕೆ. ಡಿಕ್ರಿ ಆದ ದಿನ ಆ ಕೋರ್ಟು ಯಾವ ರಾಜ್ಯದ್ದಾಗಿತ್ತು ಎನ್ನುವುದರ ಮೇಲೆ ಎಲ್ಲ ನಿಂತಿತ್ತು.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಹೈದರಾಬಾದಿನಲ್ಲಿ ಮಿಲಿಟರಿ ಗವರ್ನರ್ ಆಡಳಿತ ಬಂತು. ಕೋರ್ಟುಗಳನ್ನು ಮುಚ್ಚಲಿಲ್ಲ, ಕಾಯ್ದೆಗಳನ್ನು ಸುಡಲಿಲ್ಲ. ಕಿತ್ತಿದ್ದು ಜಾಗೀರುಗಳನ್ನು. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರಾಗಿತ್ತು. ದೊಡ್ಡ ಜಾಗೀರುಗಳಿಗೆ ತಮ್ಮದೇ ಪೊಲೀಸು, ತಮ್ಮದೇ ನ್ಯಾಯದಾನದ ಅಧಿಕಾರ ಇರುತ್ತಿತ್ತು. 1949ರ ಜಾಗೀರು ರದ್ದತಿಯೊಂದಿಗೆ ಆ ಅಧಿಕಾರ ಸರ್ಕಾರದ ಕೈಗೆ ಬಂತು. ಇದು ಸರಿಯಾದ ಕ್ರಮ. ಒಡೆಯನೇ ನ್ಯಾಯಾಧೀಶನಾಗಿರುವ ಕಡೆ ತಕ್ಷಣ ಕೈಹಾಕಬೇಕು, ಮಿಕ್ಕದ್ದಕ್ಕೆ ಸಮಯ ಕೊಡಬೇಕು.

ಆದರೂ ಸಂದಿನಲ್ಲಿ ಸಿಕ್ಕವರಿದ್ದರು. ವಿಶೇಷ ಟ್ರಿಬ್ಯೂನಲ್‌ನಿಂದ ಮರಣದಂಡನೆಗೆ ಗುರಿಯಾದ ಕೆಲವರ ಮೇಲ್ಮನವಿಯನ್ನು ಹೈದರಾಬಾದ್ ಹೈಕೋರ್ಟು 1949ರ ಡಿಸೆಂಬರಿನಲ್ಲಿ ತಳ್ಳಿಹಾಕಿತು. ಅವರು ಸುಪ್ರೀಂ ಕೋರ್ಟಿಗೆ ಹೋದರೆ, ತೀರ್ಪು 1950ರ ಜನವರಿ 26ಕ್ಕೆ ಮುಂಚಿನದು, ಇಲ್ಲಿ ಮೇಲ್ಮನವಿ ನಡೆಯುವುದಿಲ್ಲ ಎಂಬ ಉತ್ತರ ಬಂತು. ಹೈದರಾಬಾದಿನಲ್ಲಿ ಹೈಕೋರ್ಟಿಗೂ ಮೇಲಿದ್ದ ಮೇಲ್ಮನವಿ ಪೀಠವಾದ ಜ್ಯುಡಿಷಿಯಲ್ ಕಮಿಟಿ ಮುಂದೆ ಅಂದು ಬಾಕಿ ಇದ್ದ ಪ್ರಕರಣಗಳಿಗೆ ಸಂವಿಧಾನದ 374ನೇ ವಿಧಿ ದಾರಿ ಮಾಡಿಕೊಟ್ಟಿತ್ತು, ಇವರಿಗೆ ಇರಲಿಲ್ಲ. ವಾರಗಳ ಅಂತರದಲ್ಲಿ ಒಂದು ಬಾಗಿಲೇ ಇಲ್ಲದಂತಾಯಿತು. ವರ್ಗಾವಣೆಯ ಕಲಂ ಬರೆಯುವವರು ಎಷ್ಟು ಎಚ್ಚರದಿಂದಿರಬೇಕು ಎನ್ನುವುದಕ್ಕೆ ಇದಕ್ಕಿಂತ ಗಂಭೀರ ಉದಾಹರಣೆ ಬೇಕಿಲ್ಲ.

1951ರ ಏಪ್ರಿಲ್ 1ರಂದು ಭಾರತದ ದಂಡ ಸಂಹಿತೆ, ಸಾಕ್ಷ್ಯ ಕಾಯ್ದೆ, ಸಿವಿಲ್ ಮತ್ತು ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಗಳು ರಾಯಚೂರಿಗೂ ಅನ್ವಯವಾದವು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ಸೇರಿತು, ರಾಯಚೂರು 1956ರ ನವೆಂಬರ್ 1ರಂದು. ರಾಜ್ಯ ಪುನರ್‌ವಿಂಗಡಣಾ ಕಾಯ್ದೆಯ 119ನೇ ಕಲಂ ಪ್ರಕಾರ ಆಯಾ ಪ್ರದೇಶದ ಕಾನೂನು ಆಯಾ ಪ್ರದೇಶದಲ್ಲೇ ಉಳಿಯಿತು. ಹಾಗಾಗಿ ಒಂದೇ ರಾಜ್ಯವಾದ ಮೇಲೂ ರಾಯಚೂರಿನ ಗೇಣಿದಾರನಿಗೆ 1950ರ ಹೈದರಾಬಾದ್ ಗೇಣಿ ಕಾಯ್ದೆಯೇ ಆಸರೆ, ಹೊಳೆಯ ಈಚೆಯವನಿಗೆ ಅದಿಲ್ಲ. ಇಬ್ಬರನ್ನೂ ಒಂದೇ ಕಾಯ್ದೆಯಡಿ ತಂದದ್ದು 1965ರಲ್ಲಿ ಜಾರಿಯಾದ ಭೂಸುಧಾರಣಾ ಕಾಯ್ದೆ. ಒಂಬತ್ತು ವರ್ಷ ತಡವಾಯಿತು ನಿಜ. ಆದರೆ ನಡುವೆ ಒಂದು ದಿನವೂ ಕಾನೂನಿಲ್ಲದ ದಿನ ಇರಲಿಲ್ಲ.

ಈ ಕೆಲಸದಲ್ಲಿ ಅರ್ಧಕ್ಕೇ ನಿಂತದ್ದು ದಾಖಲೆ. ಕಾಯ್ದೆ ಬದಲಾಯಿತು, ಭಾಷೆ ಬದಲಾಯಿತು, ಹಕ್ಕಿನ ಮೂಲಕಾಗದ ಮಾತ್ರ ಶಿಕಸ್ತಾ (ಅಕ್ಷರ ಕೂಡಿಸಿ ಓಟದಲ್ಲಿ ಬರೆಯುವ) ಉರ್ದುವಿನಲ್ಲೇ ಉಳಿಯಿತು. ಸೇತ್ವಾರ್ (ಜಮೀನಿನ ಸರ್ವೆ ದಾಖಲೆ), ಇನಾಮಿನ ಮುಂತಖಬ್ (ಇನಾಮನ್ನು ಖಚಿತಪಡಿಸಿದ ಪತ್ರ), ಹಳೇ ಫೈಸಲಾ (ತೀರ್ಪು) ಇವನ್ನು ನಿರರ್ಗಳ ಓದುವವರು ಕಡಿಮೆಯಾಗುತ್ತಿದ್ದಾರೆ. ಓದಿದರೂ ತಾರೀಖಿನಲ್ಲಿ ಎಡವುತ್ತಾರೆ. ಈ ಕಾಗದಗಳಲ್ಲಿರುವುದು ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷ. ಬಳ್ಳಾರಿ ಕಡೆಯದು ಜುಲೈ 1ಕ್ಕೆ ಶುರು, ಹೈದರಾಬಾದಿನದು ಅಕ್ಟೋಬರಿನಲ್ಲಿ, ಅಜೂರ್ ಮಾಸದಿಂದ. 1949ರ ಆಗಸ್ಟ್ ತಿಂಗಳು ಬಳ್ಳಾರಿ ಕಾಗದದಲ್ಲಿ 1359 ಫಸಲಿ, ಕೊಪ್ಪಳದ ಕಾಗದದಲ್ಲಿ 1358. ಇಸವಿ ತಿಳಿಯಲು, ವರ್ಷಾರಂಭದಿಂದ ಡಿಸೆಂಬರ್‌ವರೆಗಿನ ತಾರೀಖಾದರೆ ಫಸಲಿಗೆ 590 ಕೂಡಿಸಬೇಕು, ಜನವರಿಯಿಂದಾಚೆಗೆ 591. ಎಲ್ಲಕ್ಕೂ 590 ಕೂಡಿಸಿಬಿಟ್ಟರೆ ಜನವರಿಯಿಂದಾಚೆಯ ತಾರೀಖು ಒಂದು ವರ್ಷ ಹಿಂದಕ್ಕೆ ಹೋಗುತ್ತದೆ. ಸ್ವಾಧೀನದ ದಾವೆಗೆ ಹನ್ನೆರಡು ವರ್ಷದ ಕಾಲಮಿತಿ. ಅಲ್ಲಿ ಒಂದು ವರ್ಷ ತಪ್ಪಿದರೆ ಹೊಲವೇ ಹೋಗಬಹುದು.

ಮೂವತ್ತು ವರ್ಷ ಹಳೆಯ ದಸ್ತಾವೇಜಿಗೆ ಪೂರ್ವಭಾವನೆ, ಅಂದರೆ ಬೇರೆ ಪುರಾವೆ ಕೇಳದೆ ಕೋರ್ಟು ನಂಬಬಹುದೆಂಬ ನಿಯಮ, ಇದೆಯಲ್ಲ ಎನ್ನುವವರಿದ್ದಾರೆ. ಅದು ಸಹಿ, ಕೈಬರಹ, ಬರೆದುಕೊಟ್ಟದ್ದು ಇಷ್ಟಕ್ಕೆ ಮಾತ್ರ. ಒಳಗಿರುವುದು ಸತ್ಯ ಎನ್ನುವುದಕ್ಕಲ್ಲ, ಅನುವಾದ ಸರಿ ಎನ್ನುವುದಕ್ಕಂತೂ ಅಲ್ಲವೇ ಅಲ್ಲ. ಸ್ಕ್ಯಾನ್ ಮಾಡಿಟ್ಟರೂ ಸಾಲದು, ಓದಲಾಗದ ಕಾಗದ ಕಂಪ್ಯೂಟರಿನಲ್ಲೂ ಓದಲಾಗದ ಕಾಗದವೇ. ಪ್ರತಿ ದಸ್ತಾವೇಜಿಗೆ ಮೂಲದ ಚಿತ್ರ, ಉರ್ದು ಪಾಠವನ್ನೇ ಕನ್ನಡ ಲಿಪಿಯಲ್ಲಿ ಸಾಲಿಗೆ ಸಾಲು ಇಳಿಸಿದ ಪ್ರತಿ, ಕನ್ನಡ ಅನುವಾದ, ಇವು ಮೂರೂ ಒಟ್ಟಿಗಿರಬೇಕು. ಫಸಲಿ ತಾರೀಖು ಹಾಗೇ ಇಟ್ಟು ಪಕ್ಕದಲ್ಲಿ ಇಸವಿ ಬರೆಯಬೇಕು. ಓದಲು ಬಾರದ ಶಬ್ದಕ್ಕೆ ಊಹೆಯ ಅರ್ಥ ಹಾಕದೆ 'ಅಸ್ಪಷ್ಟ' ಎಂದು ಗುರುತಿಸಬೇಕು. ಇಬ್ಬರು ಬೇರೆಬೇರೆಯಾಗಿ ಓದಿ ತಾಳೆ ನೋಡಿ ಸಹಿ ಹಾಕಬೇಕು. ಮೊದಲು ಇನಾಮು ಮತ್ತು ಹಳೇ ಜಾಗೀರು ಗ್ರಾಮಗಳದ್ದು ಮುಗಿಸಲಿ, ವ್ಯಾಜ್ಯ ಅಲ್ಲೇ ಹೆಚ್ಚು ತೊಡಕಿನದು. ರಾಯಚೂರು, ಕೊಪ್ಪಳದ ವಕೀಲರ ಸಂಘಗಳು ಈ ಬೇಡಿಕೆಯನ್ನು ಬರವಣಿಗೆಯಲ್ಲಿ ಜಿಲ್ಲಾಧಿಕಾರಿಗಳ ಮುಂದೆ ಇಡಬೇಕು, ಶಿಕಸ್ತಾ ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ.