ತೆಗೆದುಕೊಂಡು ಬಾ, ತಗೊಂಬಾ, ಮತ್ತು ಇಂಗ್ಲಿಷ್ ಪಾಡ್‌ಕಾಸ್ಟ್

ಇಂಗ್ಲಿಷ್ ಸುಧಾರಿಸಬೇಕಾ, ಪಾಡ್‌ಕಾಸ್ಟ್ ಹಚ್ಚಿ ಕೇಳ್ರಿ. ಧಾರವಾಡ ಸಪ್ತಾಪುರದ ಕೋಚಿಂಗ್ ಕ್ಲಾಸಿನಿಂದ ಹಿಡಿದು ಹಾವೇರಿ ಕಡೆಯ ಹಳ್ಳಿ ಹೈಸ್ಕೂಲಿನ ತನಕ ಈಗ ಇದೇ ಸಲಹೆ. ಹಚ್ಚುವುದೇನೋ ಸುಲಭ. ಕ್ಲಾಸಿನಲ್ಲಿ ಮುಂದೆ ಆಗುವುದು ಮಾತ್ರ ಹೆಚ್ಚುಕಡಿಮೆ ಎಲ್ಲಾ ಕಡೆ ಒಂದೇ: ಹದಿನೈದು ನಿಮಿಷದ ಎಪಿಸೋಡು ಒಂದೇ ದಮ್ಮಿಗೆ ಮುಗಿಯುತ್ತದೆ, ಮಾಸ್ತರು "ತಿಳೀತೇನ್ರೋ?" ಅಂತಾರೆ, ಇಡೀ ಕ್ಲಾಸು "ಹೂನ್ರಿ ಸರ" ಅನ್ನುತ್ತದೆ. ಆಮೇಲೆ ಐದು ಪ್ರಶ್ನೆ. ಐದಕ್ಕೂ ಉತ್ತರ ಹೇಳುವವರು ಮುಂದಿನ ಬೆಂಚಿನ ಅದೇ ಮೂರು ಮಂದಿ. ಕಿವಿಗೆ ಏನನ್ನೂ ಕಲಿಸದೆ ಕಿವಿಗೆ ಪರೀಕ್ಷೆ ಇಟ್ಟಂಗಾಯ್ತು.

ಮೂರು ನಿಮಿಷದ ತುಣುಕು ಸಾಕು. ಅದನ್ನು ನಾಲ್ಕು ಸಲ ಕೇಳಿಸಬೇಕು, ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ಕನಿಷ್ಠ ಹತ್ತು ನಿಮಿಷ ಹುಡುಗರಿಗೆ ಕೇಳಿಸದೇ ಹೋದ ಸಣ್ಣ ಸಣ್ಣ ಪದಗಳ ಮೇಲೆ ಕಳೆಯಬೇಕು. ಆ ಹತ್ತು ನಿಮಿಷ ಇಲ್ಲದಿದ್ದರೆ ಎಂಥಾ ಒಳ್ಳೇ ಪಾಡ್‌ಕಾಸ್ಟೂ ಹಿನ್ನೆಲೆ ಸಂಗೀತವೇ.

ಯಾಕೆ ಅಂತ ತಿಳಿಸಲು ನಮ್ಮ ಕಡೆಯ ಮಾಸ್ತರಿಗೆ, ಅಕ್ಕಾವರಿಗೆ ಒಂದು ಅನುಕೂಲ ಇದೆ. ಬೋರ್ಡಿನ ಮೇಲೆ "ತೆಗೆದುಕೊಂಡು ಬಾ" ಅಂತ ಬರೆಯಿರಿ. ಆರು ಅಕ್ಷರ. ಮನೆಯಲ್ಲಿ ಅವ್ವ ಹೇಳುವುದು "ತಗೊಂಬಾ". ಮೂರು. "ಎಲ್ಲಿಗೆ ಹೋಗುತ್ತಿದ್ದೀರಿ" ಅನ್ನುವುದು ಹುಬ್ಬಳ್ಳಿ ದುರ್ಗದಬೈಲಿನಲ್ಲಿ "ಎಲ್ಲಿ ಹೊಂಟೀರಿ" ಆಗುತ್ತದೆ. ಪುಸ್ತಕದ ಕನ್ನಡ ಮಾತ್ರ ಕಲಿತು ಹೊರಗಿನಿಂದ ಬಂದವನಿಗೆ ಇಲ್ಲಿನ ಮಾರ್ಕೆಟ್ಟಿನಲ್ಲಿ ಅರ್ಧ ಮಾತು ತಪ್ಪಿಹೋಗುತ್ತದೆ. ಪದ ಅವನಿಗೆ ಗೊತ್ತೇ ಇವೆ, ಆದರೆ ಆ ವೇಷದಲ್ಲಿ ಗುರುತು ಸಿಗುವುದಿಲ್ಲ. ಇಂಗ್ಲಿಷ್ ಕೇಳುವಾಗ ನಮ್ಮ ಹುಡುಗರ ಪಾಡೂ ಅದೇ. ಎಂಟು ವರ್ಷ ಇಂಗ್ಲಿಷ್ ಓದಿದವರಿಗೆ "ಕಪ್ ಆಫ್ ಟೀ" ಗೊತ್ತು. ಪಾಡ್‌ಕಾಸ್ಟಿನಲ್ಲಿ ಬರುವುದು "ಕಪ್ಪ ಟೀ". "ಟೆಲ್ ಹರ್" ಹೋಗಿ "ಟೆಲರ್" ಆಗಿರುತ್ತದೆ, "ಶುಡ್ ಹ್ಯಾವ್" ಹೋಗಿ "ಶುಡವ್", "ನೆಕ್ಸ್ಟ್ ವೀಕ್" ಹೋಗಿ "ನೆಕ್ಸ್ ವೀಕ್". ಇದನ್ನು ಉಚ್ಚಾರದ ಸೋಮಾರಿತನ ಅಂತ ಹೇಳಿಕೊಡುವವರಿದ್ದಾರೆ. ಹಂಗಿದ್ದರೆ "ತಗೊಂಬಾ" ಅನ್ನುವ ಅವ್ವಂದಿರೆಲ್ಲ ಸೋಮಾರಿಗಳೇ ಆಗಬೇಕು.

ಕನ್ನಡದಲ್ಲಿ ಅಕ್ಷರ ಅಕ್ಷರಕ್ಕೂ ಹತ್ತಿರಹತ್ತಿರ ಸಮ ತೂಕ. ಇಂಗ್ಲಿಷಿನಲ್ಲಿ ಹಂಗಲ್ಲ: ವಾಕ್ಯದಲ್ಲಿ ಎರಡೋ ಮೂರೋ ಪದದ ಮೇಲೆ ಒತ್ತು ಬೀಳುತ್ತದೆ, ನಡುವಿನ ಆಫ್, ಟು, ಹ್ಯಾವ್, ವಾಸ್, ದೆಮ್ ಇವೆಲ್ಲ ಸ್ವರ ಕಳಕೊಂಡು ಕುಗ್ಗುತ್ತವೆ. ಇದು ಸಣ್ಣ ವಿಷಯ ಅನ್ನಬೇಡಿ, ಅರ್ಥವೇ ಉಲ್ಟಾ ಆಗುತ್ತದೆ. "ಐ ಕ್ಯಾನ್ ಕಮ್" ಅನ್ನುವಾಗ ಕ್ಯಾನ್ ಕುಗ್ಗಿ ಬರೀ "ಕ್ನ್" ಆಗುತ್ತದೆ. ಬರಲಾಗದು ಅಂತ "ಐ ಕ್ಯಾಂಟ್ ಕಮ್" ಅನ್ನುವಾಗ ಅದೇ ಪದ ಪೂರ್ತಿ ಸ್ವರದೊಂದಿಗೆ ಬರುತ್ತದೆ, ಕೊನೆಯ ಟಕಾರ ಮಾತ್ರ ಎಷ್ಟೋ ಸಲ ಕೇಳಿಸುವುದೇ ಇಲ್ಲ. ಟಕಾರಕ್ಕಾಗಿ ಕಾಯುವ ಹುಡುಗ ಎರಡೂ ಕಡೆ ಮೋಸ ಹೋಗುತ್ತಾನೆ. ಕೇಳಬೇಕಾದದ್ದು ಟಕಾರವನ್ನಲ್ಲ, ಒತ್ತನ್ನು. ಥರ್ಟೀನ್, ಥರ್ಟಿಯ ಗೊಂದಲವೂ ಇದೇ ಜಾತಿಯದು. ಒಂದರಲ್ಲಿ ಕೊನೆ ಉದ್ದ, ಇನ್ನೊಂದರಲ್ಲಿ ಮೊದಲಿಗೇ ಪೆಟ್ಟು.

ಇನ್ನೊಂದು ಎಡವಟ್ಟು ಭೂತಕಾಲದ್ದು. ನಮ್ಮ ಹುಡುಗರು "ವಾಕೆಡ್" ಅಂತ ಬಾಯಿಬಿಟ್ಟು ಹೇಳುತ್ತಾರೆ, ಪಾಡ್‌ಕಾಸ್ಟಿನವರು "ವಾಕ್ಟ್" ಅನ್ನುತ್ತಾರೆ. ಮುಂದೆ "ಟು" ಬಂದರೆ ಎರಡು ಟಕಾರ ಕೂಡಿ ಒಂದಾಗುತ್ತವೆ. ಹುಡುಗಿ "ಐ ವಾಕ್ ಟು" ಅಂತ ಬರೆದರೆ ವ್ಯಾಕರಣ ಬರಂಗಿಲ್ಲ ಅಂತ ಕೆಂಪು ಗೆರೆ ಎಳೆಯುತ್ತೇವೆ. ಕೇಳಿಸಿದ್ದನ್ನೇ ಆಕೆ ಬರೆದಿರುತ್ತಾಳೆ. ಇಲ್ಲಿ "ಯೆಸ್ಟರ್ಡೇ" ಅನ್ನುವ ಸುಳಿವು ಹಿಡಿದು ಕಾಲ ಊಹಿಸುವುದನ್ನು ಕಲಿಸಬೇಕು.

ಧ್ವನಿಯಿಂದ ಪಾಠ ಮಾಡುವುದು ಹೊಸದೇನಲ್ಲ. ಬಿಬಿಸಿ 1943ರಿಂದಲೇ ರೇಡಿಯೋದಲ್ಲಿ ಇಂಗ್ಲಿಷ್ ಕಲಿಸಿತು. ಧಾರವಾಡಕ್ಕೆ ಆಕಾಶವಾಣಿ ಬಂದದ್ದು 1950ರ ಜನವರಿಯಲ್ಲಿ. ನಮ್ಮ ಪ್ರಾಥಮಿಕ ಸಾಲಿಗಳಿಗೆ "ಕೇಳಿ ಕಲಿ" ರೇಡಿಯೋ ಪಾಠ ಗೊತ್ತಿದ್ದದ್ದೇ. ಆದರೆ ರೇಡಿಯೋ ಒಂದು ಸಲ ಹೋದರೆ ಹೋಯಿತು. ಪಾಡ್‌ಕಾಸ್ಟನ್ನು ನಿಲ್ಲಿಸಬಹುದು, ಐದು ಸೆಕೆಂಡು ಹಿಂದಕ್ಕೆ ಎಳೆಯಬಹುದು. ಆ ಎರಡು ಗುಂಡಿ ಒತ್ತದೆ ಪೂರ್ತಿ ಓಡಿಸುವ ಮಾಸ್ತರು ಪಾಡ್‌ಕಾಸ್ಟನ್ನು ಮತ್ತೆ ರೇಡಿಯೋ ಮಾಡಿಬಿಟ್ಟಿರುತ್ತಾರೆ.

ಆಯ್ಕೆಗೆ ಬರೋಣ. ಮೊದಲ ಷರತ್ತು, ಬರೆದ ಪಠ್ಯ ಜೊತೆಗಿರಬೇಕು. ಯಂತ್ರ ತಾನೇ ಬರೆದುಕೊಡುವ ಪಠ್ಯವನ್ನು ನಂಬಿದರೆ ಊರಿನ ಹೆಸರು, ಮನುಷ್ಯರ ಹೆಸರು, ಇದೇ ಕುಗ್ಗಿದ ಪದಗಳು ತಪ್ಪಿರುತ್ತವೆ, ಒಮ್ಮೆ ಕೇಳಿ ತಿದ್ದಿಕೊಳ್ಳಲೇಬೇಕು. ಎರಡನೆಯದು ವೇಗ. ಒಂದು ನಿಮಿಷದ ಭಾಗದಲ್ಲಿ ಎಷ್ಟು ಪದ ಇವೆ ಎಣಿಸಿ. ನೂರರ ಆಸುಪಾಸು ಇದ್ದರೆ ಎಂಟು, ಒಂಬತ್ತನೇ ತರಗತಿಗೆ ಸರಿ, ನೂರಿಪ್ಪತ್ತು ನೂರನಲವತ್ತಾದರೆ ಪಿಯುಸಿಗೆ. ನೂರೈವತ್ತರ ಮೇಲೆ ಹೋದರೆ ಅದು ಸಹಜ ಮಾತು, ಅಲ್ಲಿಂದ ಇಪ್ಪತ್ತು ಸೆಕೆಂಡು ಕತ್ತರಿಸಿಕೊಂಡರೆ ಸಾಕು. ಮೂರನೆಯದು, ನೂರು ಪದಕ್ಕೆ ಹೊಸ ಪದ ಐದು ಮೀರಬಾರದು. ಮೀರಿದರೆ ಅದು ಕೇಳುವ ಪಾಠವಾಗಿ ಉಳಿಯುವುದಿಲ್ಲ, ಪದಕೋಶದ ಪಾಠವಾಗುತ್ತದೆ.

ಬಿಬಿಸಿಯ "ಸಿಕ್ಸ್ ಮಿನಿಟ್ ಇಂಗ್ಲಿಷ್" ಎಲ್ಲರಿಗೂ ಗೊತ್ತು. ಇಬ್ಬರು ಮಾತಾಡುತ್ತಾರೆ, ಶುರುವಿಗೊಂದು ಪ್ರಶ್ನೆ ಹಾಕಿ ಉತ್ತರವನ್ನು ಕೊನೆಗೆ ಇಟ್ಟುಕೊಂಡಿರುತ್ತಾರೆ, ಆರು ಪದ ಬಿಡಿಸಿ ಹೇಳುತ್ತಾರೆ, ಪಠ್ಯವೂ ಸಿಗುತ್ತದೆ. ಒಂದು ಪಿರಿಯಡ್‌ಗೆ ಆ ಆರು ನಿಮಿಷವೂ ಹೆಚ್ಚೇ. ನಡುವೆ ಬೇರೆ ಕಾರ್ಯಕ್ರಮದಿಂದ ಎತ್ತಿದ ತಜ್ಞರೊಬ್ಬರ ಮಾತಿನ ತುಣುಕು ಬರುತ್ತದಲ್ಲ, ಅದು ಸಹಜ ವೇಗದಲ್ಲಿರುತ್ತದೆ. ಹುಡುಗರು ಎಡವುವುದು ಅಲ್ಲೇ. ಎಡವುತ್ತಾರೆ ಅಂತ ಮಾಸ್ತರು ಅದನ್ನು ಹಾರಿಸುತ್ತಾರೆ. ಬರೆಸುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೇ ಸರಕು ಇಡೀ ಎಪಿಸೋಡಿನಲ್ಲಿಲ್ಲ. ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಶುರುಮಾಡಿದ "ಸ್ಪೆಷಲ್ ಇಂಗ್ಲಿಷ್" ಇನ್ನೊಂದು ತುದಿ: ಸುಮಾರು 1500 ಪದಗಳ ಪಟ್ಟಿ, ಚಿಕ್ಕ ವಾಕ್ಯ, ಮಾಮೂಲಿ ವೇಗದ ಮೂರರಲ್ಲಿ ಎರಡು ಭಾಗ. ಧೈರ್ಯ ಬರಲಿಕ್ಕೆ ಚೊಲೋ. ವರ್ಷಗಟ್ಟಲೆ ಅದರಲ್ಲೇ ಕೂತರೆ ಕುಗ್ಗಿದ ಪದಗಳ ಪರಿಚಯವೇ ಆಗುವುದಿಲ್ಲ.

ವಿಷಯ ಗೊತ್ತಿದ್ದದ್ದಾದರೆ ಕಿವಿಗೆ ಅರ್ಧ ಹೊರೆ ಕಡಿಮೆ. ಲಂಡನ್ನಿನ ಬಾಡಿಗೆ ಮನೆ ಕಷ್ಟಕ್ಕಿಂತ ನಿನ್ನೆ ರಾತ್ರಿಯ ಮ್ಯಾಚಿನ ಬಗ್ಗೆ ಇಬ್ಬರು ಹರಟುವುದು ವಾಸಿ. ಹುಬ್ಬಳ್ಳಿ ಸ್ಟೇಶನ್ನಿನ ಘೋಷಣೆಯೂ ಒಳ್ಳೇ ಸಾಮಗ್ರಿ. ಅದೇ ಗಾಡಿ, ಅದೇ ಪ್ಲಾಟ್‌ಫಾರ್ಮ್, ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರುತ್ತದೆ, ಅರ್ಥ ಮೊದಲೇ ಕೈಯಲ್ಲಿರುತ್ತದೆ.

ಇನ್ನು ಸದ್ದು. ಪಾಠ ಕೆಡುವುದು ಬಹಳ ಸಲ ಇಲ್ಲೇ, ಬೈಸಿಕೊಳ್ಳುವವರು ಹುಡುಗರು. ಐವತ್ತು ಮಂದಿಯ ಕೋಣೆಗೆ ಮೊಬೈಲಿನ ಸ್ಪೀಕರ್ ಸಾಲದು. ಹತ್ತು ವ್ಯಾಟಿನ ಸಾಧಾರಣ ಸ್ಪೀಕರ್ ಇದ್ದರೆ ಮಾಸ್ತರ ಟೇಬಲ್ಲಿನ ಮೇಲೆ ಇಡಬೇಡಿ, ಕೋಣೆಯ ನಡುವೆ, ಕೂತವರ ಕಿವಿಯ ಎತ್ತರಕ್ಕೆ ಇಡಿ. ಬಾಸ್ ಇಳಿಸಿ, ಟ್ರೆಬಲ್ ಏರಿಸಿ. ಸ, ಫ, ಟ ಇಂಥ ವ್ಯಂಜನಗಳ ಗುರುತು ಮೇಲಿನ ಸ್ವರಮಟ್ಟದಲ್ಲಿರುತ್ತದೆ, ಬಾಸ್ ಹೆಚ್ಚಿದ್ದರೆ ಕೋಣೆ ಗುಂಯ್ ಅಂದು ಅವು ಮುಚ್ಚಿಹೋಗುತ್ತವೆ. ಕೇಳಿಸುವ ಮೂರು ನಿಮಿಷ ಫ್ಯಾನ್ ಬಂದ್. ತಗಡಿನ ಛಾವಣಿಯ ಕೋಣೆಯಾದರೆ ಮಳೆ ಹತ್ತಿದ ದಿನ ಈ ಪಾಠ ಬ್ಯಾಡ, ಬೇರೆ ಏನಾದರೂ ಮಾಡಿ. ಬ್ಲೂಟೂತ್ ಸ್ಪೀಕರಿಗೆ ಇನ್ನೊಂದು ಚಾಳಿ: ಸ್ವಲ್ಪ ಹೊತ್ತು ಸದ್ದು ನಿಂತರೆ ಕೆಲವು ನಿದ್ದೆ ಹೋಗುತ್ತವೆ, ಮತ್ತೆ ಹಚ್ಚಿದಾಗ ಮೊದಲ ಅರ್ಧ ಸೆಕೆಂಡು ನುಂಗುತ್ತವೆ. ನಿಲ್ಲಿಸಿ ನಿಲ್ಲಿಸಿ ಕೇಳಿಸುವ ಪಾಠದಲ್ಲಿ ಪ್ರತಿ ವಾಕ್ಯದ ಮೊದಲ ಪದ ಹೋದರೆ ಉಳಿಯುವುದೇನು? ವೈರ್ ಹಾಕಿ. ಹೊಸ ಮೊಬೈಲಿಗೆ ವೈರಿನ ತೂತು ಇರದಿದ್ದರೆ ಟೈಪ್-ಸಿ ಕನ್ವರ್ಟರ್ ಬೇಕಾಗುತ್ತದೆ.

ನೆಟ್ ನೆಚ್ಚಿಕೊಂಡು ಕ್ಲಾಸಿಗೆ ಹೋಗಬೇಡಿ. 128 ಕೆಬಿಪಿಎಸ್‌ನ ಎಂಪಿ3 ಆರು ನಿಮಿಷಕ್ಕೆ ಆರು ಎಂಬಿಯೊಳಗೇ ಬರುತ್ತದೆ, ಮನೆಯಲ್ಲೇ ಇಳಿಸಿಕೊಳ್ಳಿ. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಶುರುವಿನ ಸಂಗೀತ ಕತ್ತರಿಸಿ, ಬರೆಸಬೇಕಾದ ವಾಕ್ಯಗಳ ನಡುವೆ ಹತ್ತು ಹತ್ತು ಸೆಕೆಂಡು ಖಾಲಿ ಸೇರಿಸಿದರೆ ಕ್ಲಾಸಿನಲ್ಲಿ ಹಿಂದೆ ಮುಂದೆ ಎಳೆಯುವ ತಾಪತ್ರಯ ಇಲ್ಲ. ವೇಗವನ್ನು 0.75ಕ್ಕೆ ಇಳಿಸುವ ಆಸೆ ಎಲ್ಲರಿಗೂ ಬರುತ್ತದೆ. ತಡೆಯಿರಿ. "ಕಪ್ಪ ಟೀ"ಯನ್ನು ನಿಧಾನ ಮಾಡಿದರೆ ನಿಧಾನದ "ಕಪ್ಪ ಟೀ" ಸಿಗುತ್ತದೆ, ನುಂಗಿದ ಫಕಾರ ವಾಪಸ್ ಬರಂಗಿಲ್ಲ. ಹುಡುಗರಿಗೆ ಬೇಕಾದದ್ದು ಬಿಡುವು. ಮಾತಿನ ಒಂದು ತುಂಡು ಮುಗಿದಲ್ಲಿ ಮೂರ್ನಾಲ್ಕು ಸೆಕೆಂಡು ನಿಲ್ಲಿಸಿ.

ನಲವತ್ತು ನಿಮಿಷ ಹಂಚುವುದು ಹೀಗೆ. ಮೊದಲ ಐದು ನಿಮಿಷ ತಲೆಬರಹ, ಇಲ್ಲದಿದ್ದರೆ ಅರ್ಥವೇ ಆಗದಂಥ ಮೂರು ಪದ, ಅಷ್ಟೇ. ಪಠ್ಯ ಕೊಡಬೇಡಿ, ಕೊಟ್ಟರೆ ಕಣ್ಣು ಓದುತ್ತದೆ, ಕಿವಿ ಮಲಗುತ್ತದೆ. ಮೊದಲ ಸಲ ಕೇಳಿಸುವಾಗ ಒಂದೇ ಪ್ರಶ್ನೆ: ಎಷ್ಟು ಜನ ಮಾತಾಡಿದರು, ಒಪ್ಪಿದರಾ ಜಗಳಾಡಿದರಾ? ಎರಡನೇ ಸಲಕ್ಕೆ ಮೂರು ಪ್ರಶ್ನೆ, ಉತ್ತರವನ್ನು ಮೊದಲು ಪಕ್ಕದವರ ಜೊತೆ ಹೋಲಿಸಿಕೊಳ್ಳಲಿ. ಇಷ್ಟಕ್ಕೆ ಹದಿನೈದು ನಿಮಿಷ ಕಳೆದಿರುತ್ತದೆ.

ಮೂರನೇ ಸಲದ್ದೇ ನಿಜವಾದ ಕೆಲಸ. ಐದರಿಂದ ಎಂಟು ಪದದ ನಾಲ್ಕು ತುಂಡು ಆರಿಸಿಟ್ಟುಕೊಂಡಿರಿ. ಒಂದು ತುಂಡಿನಲ್ಲಿ ಏಳು ಪದ ಇದ್ದರೆ ಬೋರ್ಡಿನ ಮೇಲೆ ಏಳು ಅಡ್ಡಗೆರೆ ಎಳೆಯಿರಿ. ಎಷ್ಟು ಪದ ಅಂತ ಗೊತ್ತಾಗುವುದೇ ದೊಡ್ಡ ಸಹಾಯ. ಮೂರು ಸಲ ಕೇಳಿಸಿ, ಹುಡುಗರು ಹೇಳಿದ್ದನ್ನು ತಪ್ಪಿದ್ದರೂ ಹಂಗೇ ಗೆರೆಯ ಮೇಲೆ ತುಂಬಿ. ದೊಡ್ಡ ಪದಗಳು ಬೇಗ ತುಂಬುತ್ತವೆ. ಖಾಲಿ ಉಳಿಯುವುದು ಪ್ರತಿ ಸಲ ಆ ಸಣ್ಣವೇ. ಈಗ ವ್ಯಾಕರಣ ಉಪಯೋಗಕ್ಕೆ ಬರುತ್ತದೆ: ಇಲ್ಲಿ ಏನಿರಬಹುದು? ಊಹಿಸಲಿ, ಮತ್ತೆ ಕೇಳಲಿ. ಊಹಿಸಿದ ಪದವನ್ನು ಆ ಕುಗ್ಗಿದ ರೂಪದಲ್ಲಿ ಕಿವಿ ಮೊದಲ ಸಲ ಗುರುತಿಸುವ ಕ್ಷಣ ಅದು, ಕೋಣೆಯಲ್ಲಿ "ಓ" ಅನ್ನುವ ಸದ್ದು ಏಳುತ್ತದೆ. ಹತ್ತರಿಂದ ಹನ್ನೆರಡು ನಿಮಿಷ ಇದಕ್ಕೇ ಇಡಿ. ತುಂಡು ನಾಲ್ಕಾಗದಿದ್ದರೆ ಎರಡೇ ಮಾಡಿ, ಅವಸರ ಬ್ಯಾಡ.

ನಾಲ್ಕನೇ ಸಲ ಪಠ್ಯ ಹಂಚಿ. ಕೇಳಿಸದ್ದಕ್ಕೆ ಗೆರೆ ಎಳೆಯುತ್ತಾ ಕೇಳಲಿ. ಆಮೇಲೆ ಆ ತುಂಡುಗಳನ್ನೇ ಧ್ವನಿಯ ಬೆನ್ನಿಗೆ ಅರ್ಧ ಸೆಕೆಂಡು ಹಿಂದೆ ಹೇಳುತ್ತಾ ಹೋಗಲಿ. ಮೊದಲು ಗುಂಪಾಗಿ, ಮೆಲ್ಲಗೆ. ಗಟ್ಟಿಯಾಗಿ ಹೇಳಿದರೆ ತಮ್ಮ ದನಿಯೇ ಕೇಳಿ ಮೂಲ ಮುಚ್ಚುತ್ತದೆ. ನಡುನಡುವೆ ವಾಕ್ಯ ವಾಕ್ಯಕ್ಕೂ ಕನ್ನಡಕ್ಕೆ ತಿರುಗಿಸಬೇಡಿ. ಒಂದು ಸಲ ಶುರುಮಾಡಿದರೆ ಹುಡುಗರು ಇಂಗ್ಲಿಷ್ ಬಿಟ್ಟು ನಿಮ್ಮ ಅನುವಾದಕ್ಕೇ ಕಾಯುತ್ತಾರೆ. ಕೊನೆಗೆ ಬೇಕಾದರೆ ಇಡೀ ಸಾರಾಂಶವನ್ನು ಕನ್ನಡದಲ್ಲೇ ಹೇಳಿಸಿ, ಅದರಿಂದ ತಿಳಿದದ್ದೆಷ್ಟು ಅನ್ನುವುದು ಬಯಲಾಗುತ್ತದೆ.

ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕದ ಲಿಖಿತ ಪರೀಕ್ಷೆ, 20 ಆಂತರಿಕ. ಆ 80ರಲ್ಲಿ ಕಿವಿಗೆ ಜಾಗ ಇಲ್ಲ, ಇದನ್ನೆಲ್ಲ ಯಾಕೆ ಮಾಡಬೇಕು ಅನ್ನುವ ಮಾಸ್ತರ ಮಾತಲ್ಲಿ ಹುರುಳಿದೆ. 20ರೊಳಗೆ ಸೇರಿಸಿಕೊಳ್ಳುವುದು ಅವರ ಕೈಯಲ್ಲೇ ಇದೆ ಅನ್ನುವುದೂ ನಿಜ. ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ ಕೂತವರ ಲೆಕ್ಕವೇ ಬೇರೆ. ಅಲ್ಲಿ 40 ಪ್ರಶ್ನೆ, ಸುಮಾರು 30 ನಿಮಿಷ, ಕೇಳಿಸುವುದು ಒಂದೇ ಸಲ. ಹಂಗಂತ ಅಭ್ಯಾಸವೂ ಒಂದೇ ಸಲ ಅಂದುಕೊಂಡರೆ ಈಜು ಬಾರದವನನ್ನು ದಿನಾ ಉಣಕಲ್ ಕೆರೆಗೆ ನೂಕಿದಂಗೆ.

ಚಿಗರಿ ಬಸ್ಸಿನಲ್ಲಿ ಧಾರವಾಡ ಹುಬ್ಬಳ್ಳಿ ನಡುವೆ 22 ಕಿಲೋಮೀಟರ್ ಕಿವಿಗೆ ಇಯರ್‌ಫೋನ್ ತುರುಕಿ ಹೊಸ ಎಪಿಸೋಡು ಕೇಳುವ ಅಭ್ಯರ್ಥಿಗಳು ಬಹಳ. ಅರ್ಧ ಕೇಳಿಸಿ ಅರ್ಧ ಬಿಟ್ಟುಹೋಗುವ ಹೊಸದರಿಂದ ಲಾಭ ಕಡಿಮೆ. ಬಸ್ಸು ಹಳೆಯದಕ್ಕೆ ಇರಲಿ: ಈ ವಾರ ಪಠ್ಯ ಹಿಡಿದು ಬಿಡಿಸಿದ ಮೂರು ತುಣುಕನ್ನೇ ತಿರುಗಿ ತಿರುಗಿ ಕೇಳಿದರೆ, ಗದ್ದಲದ ನಡುವೆಯೂ ಆ ಸಣ್ಣ ಪದಗಳು ಎದ್ದು ಬರತೊಡಗುತ್ತವೆ.

ಹತ್ತು ಹನ್ನೆರಡು ಇಂಥ ಪಾಠ ಆದ ಮೇಲೆ ಹುಡುಗರ ಕೈಗೇ ಮೈಕ್ ಕೊಡಬಹುದು. ಎರಡು ನಿಮಿಷಕ್ಕೆ 250 ಪದ ಸಾಕು. ವಿಷಯಕ್ಕೆ ಬರಗಾಲ ಇಲ್ಲ: ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್, ನವಲಗುಂದದ ಜಮಖಾನ, ಲಕ್ಕುಂಡಿಯ ಗುಡಿಗಳು. ಪೂರ್ತಿ ಬರೆದು ಓದಿಸಬೇಡಿ, ಓದುವ ರಾಗ ಬಂದುಬಿಡುತ್ತದೆ, ಹಾಳೆಯ ಸರಪರ ಬೇರೆ. ಐದು ಅಂಶ ಚೀಟಿಯಲ್ಲಿದ್ದರೆ ಸಾಕು, ಒಬ್ಬರು ಕೇಳಲಿ, ಒಬ್ಬರು ಹೇಳಲಿ. ಮೊಬೈಲನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲದೆ ತುಸು ಪಕ್ಕಕ್ಕೆ ಹಿಡಿಯಬೇಕು. ಎದುರಿಗಿದ್ದರೆ ಪಕಾರ, ಬಕಾರ ಬಂದಾಗಲೆಲ್ಲ ಉಸಿರು ಬಡಿದು ಡಬ್ ಅನ್ನುತ್ತದೆ. ಖಾಲಿ ಕೋಣೆ ಮೊಳಗುತ್ತದಲ್ಲ, ಅದಕ್ಕೆ ಮನೆಯಿಂದ ಎರಡು ಕೌದಿ ತರಿಸಿ ಒಂದನ್ನು ಟೇಬಲ್ಲಿಗೆ ಹಾಸಿ, ಇನ್ನೊಂದನ್ನು ಮಾತಾಡುವವರ ಎದುರಿನ ಗೋಡೆಗೆ ತೂಗುಹಾಕಿ. ಮೂರು ಸಲಕ್ಕಿಂತ ಹೆಚ್ಚು ರೆಕಾರ್ಡ್ ಮಾಡಿಸಬೇಡಿ, ನಾಲ್ಕನೆಯದರಲ್ಲಿ ಜೀವ ಇರುವುದಿಲ್ಲ. ಆದದ್ದನ್ನು ಪಕ್ಕದ ಸೆಕ್ಷನ್ನಿನಲ್ಲಿ ಹಚ್ಚಿ, ಅಲ್ಲಿಯ ಹುಡುಗರಿಂದ ಅದೇ ಅಡ್ಡಗೆರೆಗಳ ಮೇಲೆ ಬರೆಸಿ. ಅವರು ಖಾಲಿ ಬಿಟ್ಟ ಪದಗಳ ಪಟ್ಟಿ ಮಾತಾಡಿದವರ ಕೈಗೆ ವಾಪಸ್ ಬರಲಿ.