ಹಸಿರು ಜಿಲ್ಲೆಯಲ್ಲಿ ಪಾರ್ಕ್ ಯಾಕೆ ಅಂತ ಕೇಳುವವರಿಗೆ

"ಕೊಡಗಲ್ಲಿ ಪಾರ್ಕ್ ಯಾಕೆ ಮೇಡಂ? ಎಲ್ಲಿ ನೋಡಿದರೂ ಹಸಿರೇ ಅಲ್ವಾ?"

ಎರಡು ತಿಂಗಳಿಂದ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ನಮ್ಮ ಬಡಾವಣೆಯಲ್ಲಿ ಉಳಿದಿರುವ ಒಂದು ಬಯಲು ಜಾಗದಲ್ಲಿ ಕಾಂಪ್ಲೆಕ್ಸ್ ಬೇಡ, ಅದನ್ನು ಪಾರ್ಕ್ ಆಗಿ ಉಳಿಸಿ ಅಂತ ಅರ್ಜಿ ಕೊಟ್ಟಿದ್ದೇವೆ. ಅದಕ್ಕೆ ಸಹಿ ಹಾಕಿಸಲು ಮನೆ ಮನೆಗೆ ಹೋದಾಗ ಕೇಳಿದರು. ಅರ್ಜಿ ತೆಗೆದುಕೊಂಡ ಕಚೇರಿಯವರು ಕೇಳಿದರು. ಮೈಸೂರಿನಲ್ಲಿರುವ ನನ್ನ ತಮ್ಮ ಫೋನ್ ಮಾಡಿ, "ಅಕ್ಕ, ನಿಮಗೆ ಇನ್ನೇನು ಕಮ್ಮಿ ಅಲ್ಲಿ" ಅಂದ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳುವ ಬದಲು ಇಲ್ಲೇ ಪೂರ್ತಿ ಬರೆಯುತ್ತೇನೆ. ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ಜಾಗದ ಬಗ್ಗೆ. ಊರಿನ ಹೆಸರು, ಬಡಾವಣೆಯ ಹೆಸರು ಹಾಕುತ್ತಿಲ್ಲ. ಗೊತ್ತಿರುವವರಿಗೆ ಗೊತ್ತಾಗುತ್ತದೆ. ಯಾರನ್ನೋ ಊರ ಮುಂದೆ ನಿಲ್ಲಿಸುವುದು ನನಗೆ ಬೇಕಿಲ್ಲ, ಜಾಗ ಉಳಿದರೆ ಸಾಕು. ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಸಿಗುತ್ತದೆ. ಸುಮಾರು 70 ಸೆಂಟ್, ಅಂದರೆ ಮುಕ್ಕಾಲು ಎಕರೆಗೆ ಸ್ವಲ್ಪ ಕಮ್ಮಿ. ಮೇಲ್ಗಡೆ ರಸ್ತೆ, ಕೆಳಗಡೆ ತೋಡು, ಅಂದರೆ ಸಣ್ಣ ಹಳ್ಳ. ಮೂರು ನೇರಳೆ ಮರ, ಒಂದು ದೊಡ್ಡ ಹಲಸು, ತೋಡಿನ ಅಂಚಿಗೆ ಬಿದಿರು. ನಡುವೆ ಸಮತಟ್ಟು ನೆಲ.

ಸಮತಟ್ಟು ನೆಲ ಅಂದರೆ ಏನು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಒಂದು ಮನೆ ಕಟ್ಟಬೇಕಾದರೂ ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿಯಬೇಕು. ಕಾರು ನಿಲ್ಲಿಸಲು ಬರೆ ಕಡಿಯಬೇಕು. ಬಟ್ಟೆ ಒಣಗಿಸುವ ಅಂಗಳಕ್ಕೂ ಕಡಿಯಬೇಕು. ಕಡಿಯದೇ, ತಾನಾಗಿಯೇ ಸಮ ಇರುವ ನೆಲ ಊರಿನ ಮಧ್ಯೆ ಎಷ್ಟಿದೆ? ಇದ್ದದ್ದೆಲ್ಲ ಯಾವತ್ತೋ ಸೈಟ್ ಆಗಿ ಹೋಗಿದೆ. ಉಳಿದಿರುವುದು ಈ ಒಂದು ತುಂಡು. ನಮ್ಮ ಬಡಾವಣೆಯ ಮಕ್ಕಳು ಸೈಕಲ್ ಕಲಿತದ್ದು ಅಲ್ಲಿ. ನನ್ನ ಇಬ್ಬರು ಮಕ್ಕಳೂ ಅಲ್ಲೇ ಕಲಿತರು. ಅಮ್ಮನಿಗೆ ಮಂಡಿ ಆಪರೇಷನ್ ಆದ ಮೇಲೆ ಡಾಕ್ಟರು ದಿನಾ ನಡೆಯಬೇಕು ಅಂದರು. ಏರು ಇಳಿಜಾರು ಇಲ್ಲದ ಜಾಗ ಇಡೀ ಬಡಾವಣೆಯಲ್ಲಿ ಅದೊಂದೇ. ಮೂರು ತಿಂಗಳು ಅವರ ಕೈ ಹಿಡಿದು ಅಲ್ಲೇ ನಡೆಸಿದೆ.

ಈಗ ಹಸಿರಿನ ವಿಷಯ. ಹಸಿರು ಇದೆ, ನಿಜ. ಆದರೆ ಅದು ಯಾರದು ಅಂತ ಒಮ್ಮೆ ನೋಡಿ. ತೋಟಕ್ಕೆ ಬೇಲಿ ಇದೆ, ಗೇಟ್ ಇದೆ. ಇರಲೇಬೇಕು, ಅದು ಅವರ ಬದುಕು. ಹೋಂಸ್ಟೇ, ರೆಸಾರ್ಟಿನ ಹಸಿರು ಬಾಡಿಗೆ ಕೊಟ್ಟವರಿಗೆ. ಕಾಡು ಅರಣ್ಯ ಇಲಾಖೆಯದು, ಅಲ್ಲಿ ನಮಗೆ ಕೆಲಸ ಇಲ್ಲ. ಬೆಳಿಗ್ಗೆ ತೋಟದ ರಸ್ತೆಯಲ್ಲಿ ವಾಕಿಂಗ್ ಹೋಗೋಣ ಅಂದರೆ ಆನೆ ಭಯ. ಆನೆ ದಾಳಿಯ ಸುದ್ದಿ ಓದದ ತಿಂಗಳಿದೆಯಾ ನಮ್ಮ ಜಿಲ್ಲೆಯಲ್ಲಿ? ಮುಖ್ಯ ರಸ್ತೆಯಲ್ಲಿ ನಡೆಯೋಣ ಅಂದರೆ ಫುಟ್‌ಪಾತ್ ಇಲ್ಲ, ಶನಿವಾರ ಭಾನುವಾರ ಬಂದರೆ ಕಾರುಗಳ ಸಾಲು. ಮಡಿಕೇರಿಯಲ್ಲಿ ರಾಜಾಸೀಟ್ ಇದೆಯಲ್ಲ ಅನ್ನುತ್ತಾರೆ. ಚೆಂದದ ಜಾಗ, ನನಗೂ ಇಷ್ಟ. ಆದರೆ ಅದು ಪ್ರವಾಸಿಗರ ತಾಣ, ಟಿಕೆಟ್ ತೆಗೆದುಕೊಂಡು ಹೋಗುವ ಜಾಗ. ಸಂಜೆ ಅಡುಗೆಗೆ ಮುಂಚೆ ಅರ್ಧ ಗಂಟೆ ಕೂತು ಬರುವ ಜಾಗ ಅಲ್ಲ.

ಸಂತೆ ದಿನ ನಮ್ಮೂರನ್ನು ಗಮನಿಸಿದ್ದೀರಾ? ತೋಟದ ಲೈನ್‌ಮನೆಗಳಿಂದ, ಅಂದರೆ ಕೆಲಸದವರ ಸಾಲುಮನೆಗಳಿಂದ, ಕಾರ್ಮಿಕರು ಬರುತ್ತಾರೆ. ಈಗ ಅಸ್ಸಾಂ ಕಡೆಯವರೂ ಜಾಸ್ತಿ ಇದ್ದಾರೆ. ವಾರಕ್ಕೆ ಒಂದು ದಿನ ಸಿಗುವ ರಜೆ. ಸಾಮಾನು ಕಟ್ಟಿಕೊಂಡು, ಮಗುವನ್ನು ಎತ್ತಿಕೊಂಡು, ಅಂಗಡಿ ಮೆಟ್ಟಿಲ ಮೇಲೆ ಕೂರುತ್ತಾರೆ. ಅಂಗಡಿಯವರು ಏಳಿ ಅನ್ನುತ್ತಾರೆ, ಇನ್ನೊಂದು ಮೆಟ್ಟಿಲಿಗೆ ಹೋಗುತ್ತಾರೆ. ಇಡೀ ಜಿಲ್ಲೆಯ ಕಾಫಿ ಕುಯ್ಯುವ ಜನ ಕೂರಲು ಊರಿನಲ್ಲಿ ಒಂದು ಬೆಂಚ್ ಇಲ್ಲ. ಪಾರ್ಕ್ ಯಾಕೆ ಅಂತ ಕೇಳಿದಾಗ ನನಗೆ ಮೊದಲು ನೆನಪಾಗುವುದು ಅದೇ.

ಎಲ್ಲರಿಗೂ ಸೇರಿದ ಬಯಲು ಅನ್ನುವುದು ಕೊಡಗಿಗೆ ಹೊಸದಲ್ಲ. ಸುಗ್ಗಿ ಹಬ್ಬ ಪುತ್ತರಿ ಬಂದರೆ ಕೊಡವರು ಕೋಲಾಟ ಆಡುವುದು ಮಂದ್‌ನಲ್ಲಿ. ಊರಿಗೊಂದು ಮಂದ್, ನಾಡಿಗೊಂದು ಮಂದ್. ಅದು ಯಾವ ಒಂದು ಮನೆಯದೂ ಅಲ್ಲ, ಊರಿನದು. ದನ ಮೇಯಿಸಲು, ಸೌದೆಗೆ ಊರುಡುವೆ ಜಾಗ ಇತ್ತು. ದೇವರಕಾಡು ಇತ್ತು, ಈಗಲೂ 1,200ಕ್ಕಿಂತ ಜಾಸ್ತಿ ಇವೆ. ಆದರೆ ಅವುಗಳ ವಿಸ್ತೀರ್ಣ ನೋಡಿದರೆ ಹೊಟ್ಟೆ ಉರಿಯುತ್ತದೆ. 1905ರಲ್ಲಿ ಕೊಡಗಿನ ದೇವರಕಾಡು ಸುಮಾರು 15,500 ಎಕರೆ ಇತ್ತು. 1985ರ ಹೊತ್ತಿಗೆ ಉಳಿದದ್ದು ಸುಮಾರು 6,300 ಎಕರೆ. ದೇವರ ಹೆಸರಿನಲ್ಲಿದ್ದ, ಕೊಡಲಿ ಹಾಕಲು ಜನ ಹೆದರುತ್ತಿದ್ದ ಕಾಡಿಗೇ ಈ ಗತಿ. ಇನ್ನು ಬಡಾವಣೆಯ ಮೂಲೆಯಲ್ಲಿರುವ 70 ಸೆಂಟನ್ನು ಯಾರು ಕಾಯುತ್ತಾರೆ? ನಾವೇ ಕಾಯಬೇಕು.

ಹಾಕಿಯ ಮಾತೂ ಹೇಳಲೇಬೇಕು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ಬಂದದ್ದು 60 ತಂಡ. ಈಗ ಮುನ್ನೂರು ದಾಟಿ ತಂಡಗಳು ಬರುತ್ತವೆ. ಹಬ್ಬಕ್ಕೆ ದೊಡ್ಡ ಮೈದಾನ ಸಿಗುತ್ತದೆ, ಸಂತೋಷ. ಆದರೆ ಆರು ವರ್ಷದ ಮಗು ಮೊದಲ ಸಲ ಕೋಲು ಹಿಡಿಯುವುದು ಸ್ಟೇಡಿಯಂನಲ್ಲಿ ಅಲ್ಲ, ಮನೆ ಪಕ್ಕದ ಖಾಲಿ ಜಾಗದಲ್ಲಿ. ಆ ಖಾಲಿ ಜಾಗಗಳೇ ಒಂದೊಂದಾಗಿ ಹೋಗುತ್ತಿವೆ.

ಆದದ್ದು ಇಷ್ಟು. ಒಂದು ದಿನ ಬೆಳಿಗ್ಗೆ ಇಬ್ಬರು ಟೇಪ್ ಹಿಡಿದು ಅಳೆಯುತ್ತಿದ್ದರು. ಹಲಸಿನ ಮರಕ್ಕೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದರು. ಕೇಳಿದರೆ, "ಕಾಂಪ್ಲೆಕ್ಸ್ ಬರುತ್ತಂತೆ, ಕೆಳಗೆ ಪಾರ್ಕಿಂಗ್" ಅಂದರು. ನಮ್ಮ ಮೂಲೆಮನೆಯ ಅಜ್ಜಿ ಅವತ್ತು ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತವರು ಮಧ್ಯಾಹ್ನದವರೆಗೂ ಏಳಲಿಲ್ಲ. ಅವರಿಗೆ 81 ವರ್ಷ. ಹೋರಾಟ ಶುರುವಾದದ್ದು ಅಲ್ಲಿಂದ, ನಮ್ಮಿಂದ ಅಲ್ಲ.

ಆಮೇಲೆ ನಾವು ಕಾಗದ ಹುಡುಕಲು ಶುರು ಮಾಡಿದೆವು. ನಮ್ಮ ಬೀದಿಯಲ್ಲಿ ಸೇನೆಯಿಂದ ನಿವೃತ್ತರಾದ ಸುಬೇದಾರರೊಬ್ಬರು ಇದ್ದಾರೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದು, ಫೈಲಿನ ನಂಬರ್ ಬರೆದಿಟ್ಟದ್ದು, ಪ್ರತಿ ಕಾಗದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡದ್ದು ಎಲ್ಲ ಅವರೇ. ಬಡಾವಣೆಯ ಹಳೇ ನಕ್ಷೆಯ ಪ್ರತಿ ಕೊನೆಗೂ ಕೈಗೆ ಬಂತು. ಅದರಲ್ಲಿ ಈ ಜಾಗಕ್ಕೆ ಹಸಿರು ಬಣ್ಣ ಬಳಿದು "ಉದ್ಯಾನವನ" ಅಂತ ಸ್ಪಷ್ಟವಾಗಿ ಬರೆದಿದೆ. ಆದರೆ ಕಚೇರಿಯ ಆಸ್ತಿ ವಹಿಯಲ್ಲಿ ಅದೇ ಜಾಗದ ಮುಂದೆ "ಖಾಲಿ ಜಾಗ" ಅಂತ ಇದೆ. ಅಷ್ಟೇ ವ್ಯತ್ಯಾಸ. ನಕ್ಷೆಯಿಂದ ವಹಿಗೆ ಬರೆಯುವಾಗ ಒಂದು ಪದ ಬಿಟ್ಟುಹೋಗಿದೆ. ತೋಡಿನ ಪಕ್ಕದ ಪಟ್ಟಿ ಪೈಸಾರಿ ಅಂತ ಬೇರೆ ಬರುತ್ತದೆ. ಪೈಸಾರಿ ಅಂದರೆ ಸರ್ಕಾರದ್ದು. ಆದರೆ ನಮ್ಮಲ್ಲಿ ಆ ಪದ ಕೇಳಿದ ಕೂಡಲೇ ಎಷ್ಟೋ ಜನಕ್ಕೆ ಯಾರೂ ಕೇಳುವವರಿಲ್ಲದ ಜಾಗ ಅಂತ ಅರ್ಥ ಆಗುತ್ತದೆ. ಅದೇ ಕಷ್ಟ.

ತಪ್ಪು ನಮ್ಮದೂ ಇದೆ. ಇಪ್ಪತ್ತು ವರ್ಷ ಆ ಜಾಗದಲ್ಲಿ ಆಡಿದೆವು, ನಡೆದೆವು, ಹಲಸಿನ ಹಣ್ಣು ಹಂಚಿಕೊಂಡು ತಿಂದೆವು. ಒಂದು ದಿನವೂ ಹೋಗಿ ಇದರ ದಾಖಲೆ ಹೇಗಿದೆ ಅಂತ ಕೇಳಲಿಲ್ಲ. ನಮ್ಮ ಮನೆಯ ಖಾತೆಯಲ್ಲಿ ಒಂದು ಅಕ್ಷರ ತಪ್ಪಿದರೆ ನಾಲ್ಕು ಸಲ ಓಡಾಡುತ್ತೇವೆ. ಎಲ್ಲರ ಜಾಗಕ್ಕೆ ಯಾರೂ ಓಡಾಡಲಿಲ್ಲ.

ಕಾನೂನು ಇಲ್ಲ ಅಂದುಕೊಳ್ಳಬೇಡಿ. ನಮ್ಮ ರಾಜ್ಯದಲ್ಲಿ ಉದ್ಯಾನವನ, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸಲೆಂದೇ 1985ರ ಕಾಯ್ದೆ ಇದೆ. ಇಂಥ ಜಾಗಗಳ ಪಟ್ಟಿ ಮಾಡಬೇಕು, ಪಟ್ಟಿಯಲ್ಲಿರುವುದನ್ನು ಬೇರೆ ಕೆಲಸಕ್ಕೆ ಬಳಸಬಾರದು ಅನ್ನುವುದೇ ಅದರ ತಿರುಳು. ಹಾಗಾಗಿ ನಮ್ಮ ಮೊದಲ ಬೇಡಿಕೆ ಬೆಂಚ್ ಅಲ್ಲ, ಉಯ್ಯಾಲೆ ಅಲ್ಲ. ಈ ಜಾಗದ ಹೆಸರು ಪಟ್ಟಿಯಲ್ಲಿ ಬರಲಿ. ವಹಿಯಲ್ಲಿ "ಖಾಲಿ ಜಾಗ" ತೆಗೆದು "ಉದ್ಯಾನವನ" ಅಂತ ಬರೆಯಲಿ. ಹದ್ದುಬಸ್ತು ಮಾಡಿ, ಅಂದರೆ ಗಡಿ ಅಳೆದು ಗುರುತಿಸಿ, ಕಲ್ಲು ನೆಡಲಿ. ಹೂಗಿಡ ಆಮೇಲೆ ನಾವೇ ನೆಡುತ್ತೇವೆ.

ಸಭೆಯಲ್ಲಿ ಒಬ್ಬರು ಹಿರಿಯರು ಎದ್ದು ಕೇಳಿದರು, "ಕಾಂಪ್ಲೆಕ್ಸ್ ಬೇಡ ಸರಿ. ಸಮುದಾಯ ಭವನ ಆದರೆ? ಕ್ಲಿನಿಕ್ ಆದರೆ? ಒಳ್ಳೆಯ ಕೆಲಸಕ್ಕೇ ಅಲ್ವಾ?" ಅವರ ಮೇಲೆ ನನಗೆ ಗೌರವ ಇದೆ, ಅವರ ಮನಸ್ಸೂ ಒಳ್ಳೆಯದೇ. ಆದರೂ ಒಪ್ಪಲು ಆಗಲಿಲ್ಲ. ಇದೇ ಮಾತು ಬೆಂಗಳೂರಿನಲ್ಲೂ ಬಂದಿತ್ತು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗವನ್ನು ಆಸ್ಪತ್ರೆ ಕಟ್ಟಲು ಒಂದು ಖಾಸಗಿ ಟ್ರಸ್ಟಿಗೆ ಕೊಟ್ಟಿದ್ದರು. ಬಡಾವಣೆಯ ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಮೊದಲು ಸೋತರು. ಮೇಲ್ಮನವಿ ಹಾಕಿ ಗೆದ್ದರು. ಟ್ರಸ್ಟಿನವರು ಸುಪ್ರೀಂ ಕೋರ್ಟಿಗೆ ಹೋದರು. 1991ರಲ್ಲಿ ಅಲ್ಲೂ ನಿವಾಸಿಗಳೇ ಗೆದ್ದರು. ಬಿ.ಎಸ್. ಮುದ್ದಪ್ಪ ಪ್ರಕರಣ ಅಂತ ವಕೀಲರಿಗೆಲ್ಲ ಗೊತ್ತು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ. ಆದರೆ ಪಾರ್ಕಿನ ಜಾಗ ಪಾರ್ಕಿಗೇ ಇರಬೇಕು, ಅದನ್ನು ಖಾಸಗಿಯವರಿಗೆ ಕೊಡುವಂತಿಲ್ಲ, ಅದನ್ನು ಕೇಳುವ ಹಕ್ಕು ಅಲ್ಲಿ ವಾಸ ಮಾಡುವವರಿಗೆ ಇದೆ ಅಂತ ಕೋರ್ಟ್ ಹೇಳಿತು. ಒಳ್ಳೆಯ ಕೆಲಸ ಅಂತ ಹೇಳಿ ತೆಗೆದುಕೊಂಡ ಜಾಗ ತಿರುಗಿ ಬಂದದ್ದನ್ನು ನಾನಂತೂ ನೋಡಿಲ್ಲ.

ಹಳ್ಳಿಯಲ್ಲಿರುವ ಸ್ನೇಹಿತರೇ, ಇದು ಪಟ್ಟಣದವರ ವಿಷಯ ಅಂತ ಬಿಡಬೇಡಿ. 2011ರಲ್ಲಿ ಪಂಜಾಬಿನ ಒಂದು ಹಳ್ಳಿಯ ಕೆರೆ ಜಾಗದ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಒತ್ತುವರಿ ಬಿಡಿಸಿ ಗ್ರಾಮಕ್ಕೆ ವಾಪಸ್ ಕೊಡಿ ಅಂತ ಕೋರ್ಟ್ ಹೇಳಿತು. ಎಲ್ಲ ರಾಜ್ಯಗಳೂ ಊರಿನ ಸಾಮೂಹಿಕ ಜಾಗ ಬಿಡಿಸಲು ಯೋಜನೆ ಮಾಡಬೇಕು ಅಂತಲೂ ಹೇಳಿತು. ನಿಮ್ಮ ಊರಿನ ಮಂದ್, ಊರುಡುವೆ, ಕೆರೆ ದಂಡೆಯ ಪಹಣಿ ಒಮ್ಮೆ ತೆಗೆಸಿ ನೋಡಿ. ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರ್ ಸಿಗುತ್ತದೆ. ಬೇಲಿ ಬಿದ್ದ ಮೇಲೆ ಹುಡುಕುವುದಕ್ಕಿಂತ ಈಗಲೇ ನೋಡುವುದು ಸುಲಭ.

ಕಾಂಪ್ಲೆಕ್ಸ್ ಬೇಕು ಅನ್ನುವವರ ಜೊತೆಯೂ ಮಾತಾಡಿದ್ದೇನೆ. ಊರಿಗೆ ಆದಾಯ ಬೇಕು, ಹುಡುಗರಿಗೆ ಅಂಗಡಿ ಹಾಕಲು ಮಳಿಗೆ ಬೇಕು, ವಾರದ ಕೊನೆಗೆ ಕಾರು ನಿಲ್ಲಿಸಲು ಜಾಗವೇ ಇಲ್ಲ ಅನ್ನುತ್ತಾರೆ. ಮೂರೂ ನಿಜ. ಆದರೆ ಬಸ್ ಸ್ಟ್ಯಾಂಡ್ ಹತ್ತಿರ ಇರುವ ಹಳೇ ಮಳಿಗೆಗಳು ಸೋರುತ್ತಾ ಅರ್ಧ ಮುಚ್ಚಿ ಬಿದ್ದಿವೆ. ಅದನ್ನು ಮೊದಲು ಸರಿ ಮಾಡಿ ಅಂದರೆ ಯಾರೂ ಉತ್ತರ ಕೊಡುತ್ತಿಲ್ಲ. ಪ್ರವಾಸಿಗರ ಕಾರಿಗೆ ಜಾಗ ಮಾಡಲು ನಮ್ಮ ಮಕ್ಕಳ ಜಾಗ ಯಾಕೆ ಹೋಗಬೇಕು ಅನ್ನುವುದಕ್ಕೂ ಉತ್ತರ ಇಲ್ಲ.

ಇನ್ನೊಂದು ಮಾತಿದೆ, ನನಗೆ ನಿದ್ದೆ ಕೆಡಿಸುವ ಮಾತು. ಕೆಳಗೆ ಪಾರ್ಕಿಂಗ್ ಮಾಡಬೇಕಾದರೆ ರಸ್ತೆ ಕಡೆಯ ಬರೆ ಕಡಿಯಬೇಕು, ತೋಡನ್ನು ಪೈಪಿನೊಳಗೆ ಹಾಕಬೇಕು. 2018ರ ಆಗಸ್ಟ್ ಯಾರು ಮರೆಯಲು ಸಾಧ್ಯ? ಮಕ್ಕಂದೂರು, ಜೋಡುಪಾಲ, ಕಾಲೂರಿನಲ್ಲಿ ಗುಡ್ಡ ಕುಸಿದದ್ದು? ಆ ವರ್ಷ ಮಳೆ ಜಾಸ್ತಿ ಬಂತು, ನಿಜ. ಆದರೆ ಬಂದು ನೋಡಿದ ಭೂವಿಜ್ಞಾನಿಗಳು ಮಳೆಯನ್ನು ಮಾತ್ರ ದೂರಲಿಲ್ಲ. ಮನೆಗೆ, ರಸ್ತೆಗೆ ಅಂತ ಇಳಿಜಾರು ಕಡಿದದ್ದೂ ಕಾರಣ ಅಂದರು. ಅವತ್ತು ನಾವು ಪರಿಹಾರ ಕೇಂದ್ರದಲ್ಲಿ ಅನ್ನ ಬಡಿಸಿದವರು. ಮನೆ ಕಳೆದುಕೊಂಡವರಿಗೆ ಮನೆ ಕಟ್ಟಿಕೊಡಲು ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಜಾಗ ಮಾಡಬೇಕಾಯಿತು. ಸುಭದ್ರವಾದ ಜಾಗ ಕೊಡಗಿನಲ್ಲಿ ಎಷ್ಟು ಕಮ್ಮಿ ಇದೆ ಅಂತ ಆಗ ಎಲ್ಲರಿಗೂ ಅರ್ಥವಾಯಿತು. ಈ 70 ಸೆಂಟಿನ ಮಣ್ಣು ಮೇಲಿನ ಬೀದಿಯ ನೀರನ್ನೆಲ್ಲ ಕುಡಿದು ನಿಧಾನವಾಗಿ ತೋಡಿಗೆ ಬಿಡುತ್ತದೆ. ಅದರ ಮೇಲೆ ಕಾಂಕ್ರೀಟ್ ಹಾಕಿದರೆ ಆ ನೀರು ಕೆಳಗಿನ ಸಾಲಿನ ಹನ್ನೆರಡು ಮನೆಗಳ ಹಿತ್ತಲಿಗೆ ನುಗ್ಗುತ್ತದೆ.

ಅದಕ್ಕೇ ಪಾರ್ಕ್ ಅಂದರೆ ನಮಗೆ ಏನು ಬೇಕು ಅಂತಲೂ ಹೇಳಿಬಿಡುತ್ತೇನೆ. ಇಂಟರ್‌ಲಾಕ್ ಕಲ್ಲು ಹಾಸಿ, ಕಾರಂಜಿ ಇಟ್ಟು, ಸಿಮೆಂಟಿನ ಜಿಂಕೆ ನಿಲ್ಲಿಸುವುದು ಬೇಡ. ಇರುವ ಮರಗಳು ಹಾಗೇ ಇರಲಿ. ಹೊಸದಾಗಿ ನೆಡುವುದಾದರೆ ಸಂಪಿಗೆ, ಅತ್ತಿ, ಹೊನ್ನೆ ನೆಡೋಣ. ತೋಡು ತೆರೆದೇ ಇರಲಿ, ಅಂಚಿಗೆ ಕಲ್ಲು ಕಟ್ಟಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಳೆ ಬಿಡುವುದಿಲ್ಲ, ಹಾಗಾಗಿ ಹೆಂಚಿನ ಒಂದು ಸೂರು ಬೇಕು. ಅದರ ಕೆಳಗೆ ಬೆಂಚ್. ಒಂದು ಟಾಯ್ಲೆಟ್, ಅದಕ್ಕೆ ದಿನಾ ನೀರು. ಗೇಟಿಗೆ ಟಿಕೆಟ್ ಬೇಡ, ಸಂತೆ ದಿನ ಬೀಗ ಹಾಕುವುದೂ ಬೇಡ. ಲೈನ್‌ಮನೆಯಿಂದ ಬಂದವರೂ ಕೂರಬೇಕು, ನಮ್ಮ ಅಮ್ಮನೂ ಕೂರಬೇಕು. ಬಡಾವಣೆಯವರಿಗೆ ಮಾತ್ರ ಅಂತ ಬೋರ್ಡ್ ಹಾಕೋಣ ಅಂದವರೂ ನಮ್ಮಲ್ಲಿದ್ದಾರೆ. ಹಾಗಾದರೆ ನನ್ನ ಸಹಿ ವಾಪಸ್ ಕೊಡಿ ಅಂತ ನೇರವಾಗಿಯೇ ಹೇಳಿದೆ.

ಈಗ ಎಲ್ಲಿಗೆ ಬಂದಿದೆ ಅಂದರೆ, ಕೆಲಸ ಸದ್ಯಕ್ಕೆ ನಿಂತಿದೆ. ಲಿಖಿತವಾಗಿ ಏನೂ ಕೊಟ್ಟಿಲ್ಲ. "ನೋಡೋಣ" ಅಂದಿದ್ದಾರೆ. ಮುಂದಿನ ಸಭೆಗೆ ನಾವು ಆಕ್ಷೇಪಣೆ ಕೊಡಬೇಕು. ಈ ಜಾಗವನ್ನು ಜನ ವರ್ಷಗಳಿಂದ ಪಾರ್ಕಿನಂತೆ, ಮೈದಾನದಂತೆ ಬಳಸುತ್ತಿದ್ದಾರೆ ಅನ್ನುವುದಕ್ಕೆ ಸಾಕ್ಷಿ ಇದ್ದರೆ ಒಳ್ಳೆಯದು ಅಂತ ವಕೀಲರು ಹೇಳಿದ್ದಾರೆ.

ಅಲ್ಲಿ ಆಡಿ ಬೆಳೆದು ಈಗ ಬೆಂಗಳೂರು, ಮೈಸೂರು, ದುಬೈನಲ್ಲಿ ಇರುವವರೇ, ನಿಮ್ಮ ಮನೆಯ ಹಳೇ ಆಲ್ಬಂ ಒಮ್ಮೆ ತೆಗೆಯಿರಿ. ಹಲಸಿನ ಮರ, ಸೈಕಲ್, ಕ್ರಿಕೆಟ್, ಹುಟ್ಟುಹಬ್ಬ, ಯಾವುದೇ ಇರಲಿ, ಹಿಂದೆ ಆ ಜಾಗ ಕಾಣಿಸಿದರೆ ಫೋಟೊ ತೆಗೆದು ನನಗೆ ಕಳಿಸಿ. ಫೋಟೊದ ಹಿಂಬದಿಯಲ್ಲಿ ನಿಮ್ಮ ಅಪ್ಪ ತಾರೀಖು ಬರೆದಿಟ್ಟಿದ್ದರೆ ಅದನ್ನೂ ಕಳಿಸಿ.